ತಡವಾಗಿ ತುಂಬಿದ ಮಡಿಲು

ಚೊಚ್ಚಲ ಹೆರಿಗೆ ತವರಿನದು ಎಂಬುದು ನಮ್ಮ ಕಡೆ ಯಾರೂ ಬರೆದಿಡದ, ಆದರೂ ಯಾರೂ ಮೀರದ ಕಟ್ಟಳೆ. ಹೊಟ್ಟೆಪಾಡಿಗಾಗಿ ಘಟ್ಟವಿಳಿದು ಗೋವೆಗೆ ಬಂದವರು ರೊಟ್ಟಿಯ ಹಂಚಿನೊಡನೆ ಈ ಕಟ್ಟಳೆಯನ್ನೂ ಹೊತ್ತು ತಂದರು. ಏಳನೆಯ ತಿಂಗಳಲ್ಲಿ ಕುಬಸದ ಕಾರ್ಯ ಮುಗಿಸಿ, ಹಸಿರು ಸೀರೆ ಹಸಿರು ಬಳೆಯ ಬಸುರಿಯನ್ನು ವಾಸ್ಕೋ ನಿಲ್ದಾಣದಲ್ಲಿ ರೈಲು ಹತ್ತಿಸಿದರೆ, ದೂಧಸಾಗರ, ಕ್ಯಾಸಲ್‌ರಾಕ್ ದಾಟಿ ಅವಳು ಹುಬ್ಬಳ್ಳಿಗೋ ಗದಗಿಗೋ ತಲುಪುತ್ತಿದ್ದಳು. ಮರಳಿ ಬರುವಾಗ ಮಡಿಲಲ್ಲಿ ಐದು ತಿಂಗಳ ಕೂಸು, ಕೈಯಲ್ಲಿ ಅಂಟಿನುಂಡಿಯ ಡಬ್ಬಿ. ಹಾಗೆ ನಾನು ಬೀಳ್ಕೊಟ್ಟವರೆಲ್ಲ ಇಪ್ಪತ್ತರ, ಹೆಚ್ಚೆಂದರೆ ಇಪ್ಪತ್ತೈದರ ಹುಡುಗಿಯರು.

ಈಗ ನಮ್ಮ ಸಂಘದ ಮನೆಗಳ ಲೆಕ್ಕವೇ ಬೇರೆಯಾಗಿದೆ. ಹೆಣ್ಣುಮಕ್ಕಳು ಓದುತ್ತಾರೆ, ಕೆಲಸ ಹಿಡಿಯುತ್ತಾರೆ, ಮನೆಸಾಲದ ಕಂತು ಕಟ್ಟುತ್ತಾರೆ, ಮೂವತ್ತು ದಾಟಿದ ಮೇಲೆ ಮದುವೆಯಾಗುತ್ತಾರೆ. ಮೊದಲ ಬಸಿರು ಮೂವತ್ತೈದಕ್ಕೆ, ಮೂವತ್ತೆಂಟಕ್ಕೆ, ಕೆಲವೊಮ್ಮೆ ನಲವತ್ತಕ್ಕೆ. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ತಾಯಂದಿರು ಸಣ್ಣ ದನಿಯಲ್ಲಿ ಕೇಳುವ ಮಾತು ಒಂದೇ: ಈ ವಯಸ್ಸಿಗೆ ತಾನಾಗಿ ಹೆರಿಗೆಯಾದೀತೇ, ಅಥವಾ ಮೊದಲೇ ದಿನ ಗೊತ್ತುಮಾಡಿ ಸಿಸೇರಿಯನ್ ಮಾಡಿಸಿಬಿಡುವುದು ಲೇಸೇ? ನಾನು ವೈದ್ಯಳಲ್ಲ, ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಆದರೂ ನನ್ನ ತಂಗಿಯ ಹೆರಿಗೆಯ ದೆಸೆಯಿಂದ ಈ ಪ್ರಶ್ನೆಯೊಡನೆ ಒಂಬತ್ತು ತಿಂಗಳು ಬಾಳಿದ್ದೇನೆ. ಕಂಡದ್ದನ್ನೂ ಓದಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ವಯಸ್ಸಾದ ತಾಯಿ ಹೊಸಬಳೇನಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಒಂದೇ ಮನೆಯಲ್ಲಿ ತಾಯಿ-ಮಗಳು ಇಬ್ಬರೂ ಬಸುರಿಯರಾಗಿ, ಸೋದರಮಾವನಿಗಿಂತ ಸೋದರಳಿಯನೇ ಎರಡು ತಿಂಗಳು ದೊಡ್ಡವನಾದ ಕತೆಗಳು ಬೇಕಾದಷ್ಟಿವೆ. ಆದರೆ ಆ ನಲವತ್ತರ ತಾಯಿಗೆ ಅದು ಎಂಟನೆಯದೋ ಹತ್ತನೆಯದೋ ಹೆರಿಗೆ. ನಲವತ್ತರಲ್ಲಿ ಮೊದಲ ಬಾರಿಗೆ ಹೆರುವವಳು ಆಗ ಅಪರೂಪ. ಈ ವ್ಯತ್ಯಾಸವನ್ನು ಮರೆತು ನಾವು ಹಳೆಯ ಕಾಲದ ಉದಾಹರಣೆಗಳನ್ನು ಎತ್ತಿಕೊಳ್ಳುತ್ತೇವೆ. ಹತ್ತು ಹೆತ್ತವಳ ಗರ್ಭಕೋಶ ದಾರಿಯನ್ನು ಬಲ್ಲದು, ಆದರೆ ಹೆರಿಗೆಯ ನಂತರ ಬಿಗಿದುಕೊಳ್ಳಲು ಸೋಲುತ್ತದೆ. ಅವಳ ಅಪಾಯ ರಕ್ತಸ್ರಾವ. ಮೊದಲ ಸಲ ಹೆರುವ ಹಿರಿಯಳಿಗೆ ನೋವು ನಿಧಾನ, ಜೊತೆಗೆ ರಕ್ತದೊತ್ತಡ, ಸಕ್ಕರೆಯ ಕಾಟ ಹೆಚ್ಚು. ಅಪಾಯಗಳು ಬೇರೆ ಬೇರೆ, ಉಪಾಯಗಳೂ ಬೇರೆ ಬೇರೆ.

ಇದು ನನಗೆ ಗೊತ್ತಿರುವುದು ಪುಸ್ತಕದಿಂದಲ್ಲ. 1983ರಲ್ಲಿ, ನನಗೆ ಇಪ್ಪತ್ತು ವರ್ಷ, ಮದುವೆ ಗೊತ್ತಾಗಿತ್ತು. ಆಗ ನಲವತ್ತೊಂದರ ಅವ್ವ ರೋಣ ತಾಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ನನ್ನ ಕಿರಿಯ ತಂಗಿಯನ್ನು ಹೆತ್ತಳು. ಮಗಳ ಮದುವೆಯ ಹೊತ್ತಿಗೆ ಬಸುರಿಯಾದೆನೆಂಬ ನಾಚಿಕೆಗೆ ಆರು ತಿಂಗಳು ಅಂಗಳಕ್ಕೂ ಇಳಿದಿರಲಿಲ್ಲ. ಓಣಿಯ ಸೂಲಗಿತ್ತಿ ಬಂದಳು, ಎರಡು ತಾಸಿನಲ್ಲಿ ಕೂಸು ಬಂತು. ಅವ್ವ ಇಂದಿಗೂ ಹೇಳುವ ಕತೆ ಅಲ್ಲಿಗೆ ಮುಗಿಯುತ್ತದೆ. ನನಗೆ ನೆನಪಿರುವ ಕತೆ ಅಲ್ಲಿಂದ ಮುಂದಿನದು. ಕೂಸು ಬಂದ ಮೇಲೆ ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ಹೊಟ್ಟೆಯ ಮೇಲೆ ಕೈಯಿಟ್ಟು ತಿಕ್ಕುತ್ತಲೇ, “ಟ್ರ್ಯಾಕ್ಟರ್ ತರಸ್ರಿ, ನನ್ನ ಕೈಯಾಗ ಇದು ಇಲ್ಲ” ಎಂದಳು. ಕಾಕಾ ಟ್ರ್ಯಾಕ್ಟರಿನಲ್ಲಿ ಕಣಕಿಯ ಮೇಲೆ ಕೌದಿ ಹಾಸಿ ಅವ್ವನನ್ನು ಮಲಗಿಸಿಕೊಂಡು ತಾಲೂಕಿನ ಆಸ್ಪತ್ರೆಗೆ ಒಯ್ದ. ನಾನು ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಎರಡು ಬಾಟಲಿ ರಕ್ತ ಏರಿಸಿ ಅವಳನ್ನು ಉಳಿಸಿಕೊಂಡರು. ಆ ಸೂಲಗಿತ್ತಿಯ ಬಗ್ಗೆ ನನಗಿರುವ ಗೌರವ ಅವಳು ಹೆರಿಗೆ ಮಾಡಿಸಿದ್ದಕ್ಕಿಂತ ಹೆಚ್ಚಾಗಿ, ತನ್ನ ಕೈಯಲ್ಲಿ ಆಗದ್ದನ್ನು ಆಗದೆಂದು ಆ ಗಳಿಗೆಯಲ್ಲೇ ಹೇಳಿದ್ದಕ್ಕೆ.

ಅಂದು ನನ್ನ ತೋಳಿನಲ್ಲಿದ್ದ ಕೂಸೇ ಮೂವತ್ತಾರಕ್ಕೆ ಮದುವೆಯಾಗಿ, ವಾಸ್ಕೋದಲ್ಲಿ ನನ್ನ ಮನೆಯ ಹತ್ತಿರವೇ ಸಂಸಾರ ಹೂಡಿ, ಮೂವತ್ತೊಂಬತ್ತಕ್ಕೆ ಮೊದಲ ಸಲ ಬಸುರಿಯಾದಳು. ಅವಳ ಕಡತದ ಮೇಲೆ ಕೆಂಪು ಶಾಯಿಯಲ್ಲಿ ‘ಎಲ್ಡರ್ಲಿ ಪ್ರೈಮಿ’ ಎಂದು ಬರೆದರು. ಹಿರಿಯ ಚೊಚ್ಚಲ ಬಸುರಿ ಎಂದರ್ಥ. ಹೆರಿಗೆ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ 1958ರಲ್ಲಿ ಮೂವತ್ತೈದು ವರ್ಷದ ಗೆರೆ ಎಳೆದಾಗಿನಿಂದ ಈ ಹೆಸರು ಚಾಲ್ತಿಯಲ್ಲಿದೆ. ಕಚೇರಿಯಲ್ಲಿ ಇನ್ನೂ ಕಿರಿಯಳೆನಿಸಿಕೊಂಡಿದ್ದ ತಂಗಿ ಆಸ್ಪತ್ರೆಯ ಬಾಗಿಲಲ್ಲಿ ಒಮ್ಮೆಲೇ ಮುದುಕಿಯಾದಳು. ನಕ್ಕೆವು. ಆದರೆ ಆರನೆಯ ತಿಂಗಳ ತಪಾಸಣೆಯಲ್ಲೇ ಆ ಆಸ್ಪತ್ರೆಯ ವೈದ್ಯರು, “ವಯಸ್ಸು ಮೂವತ್ತೊಂಬತ್ತು, ಪ್ರೆಷಸ್ ಬೇಬಿ, ರಿಸ್ಕ್ ಬೇಡ; ಮೂವತ್ತೆಂಟನೆಯ ವಾರಕ್ಕೆ ಸಿಸೇರಿಯನ್ ಇಟ್ಟುಕೊಳ್ಳೋಣ” ಎಂದಾಗ ನಗೆ ನಿಂತಿತು. (ಪ್ರೆಷಸ್ ಬೇಬಿ! ಇಪ್ಪತ್ತೆರಡರ ಹುಡುಗಿಯ ಕೂಸು ಅಗ್ಗದ್ದೇ?) ಯಾಕೆ ಎಂದು ತಂಗಿ ಕೇಳಿದಳು. ವಯಸ್ಸು ಎಂಬುದರ ಹೊರತು ಬೇರೆ ಉತ್ತರ ಬರಲಿಲ್ಲ.

ಮನೆಯಲ್ಲಿ ಮೂರು ಪಕ್ಷಗಳಾದವು. ಅವ್ವ ಫೋನಿನಲ್ಲಿ, “ನಾ ನಲವತ್ತೊಂದಕ್ಕ ನಿನ್ನ ಹಡದಿಲ್ಲೇನು? ಹೊಟ್ಟಿ ಕೊಯ್ಯೂದು ಯಾಕ? ಇಲ್ಲಿ ಕಳಸ್ರಿ ಅಕಿನ್ನ” ಎಂದಳು. ತಂಗಿಯ ಗಂಡ ವೈದ್ಯರ ಮಾತಿಗೆ ಒಪ್ಪಿ ಪಂಚಾಂಗ ತೆರೆದು ಕುಳಿತ: “ಹೆಂಗಿದ್ರೂ ಕೊಯ್ಯೂದ ಅಂದಮ್ಯಾಲ ಒಳ್ಳೆ ನಕ್ಷತ್ರ ನೋಡೂಣ ಅಕ್ಕಾರ.” ತಂಗಿ ಇಬ್ಬರ ಕಡೆಗೂ ಇರಲಿಲ್ಲ. “ಯಾಕ ಅಂತ ನನಗ ತಿಳೀಬೇಕು ಅಕ್ಕಾ, ತಿಳದಮ್ಯಾಲ ಏನ ಆದ್ರೂ ಸೈ” ಎಂದಳು.

ಹಾಗಾಗಿ ನಾವಿಬ್ಬರೂ ಓದಲು ತೊಡಗಿದೆವು. ಮೊದಲಿಗೆ ತಿಳಿದದ್ದು, ವೈದ್ಯರ ಅಂಜಿಕೆ ಬುಡವಿಲ್ಲದ್ದಲ್ಲ ಎಂಬುದು. ಕೂಸಿಗೆ ಡೌನ್ ಸಿಂಡ್ರೋಮ್ ಇರುವ ಸಂಭವ ತಾಯಿಯ ಇಪ್ಪತ್ತೈದನೆಯ ವಯಸ್ಸಿನಲ್ಲಿ ಸುಮಾರು 1,250ಕ್ಕೆ ಒಂದಾದರೆ, ನಲವತ್ತಕ್ಕೆ ಸುಮಾರು ನೂರಕ್ಕೆ ಒಂದು. ಇನ್ನೊಂದು ವಿಷಯವನ್ನು ನಮ್ಮ ಹೆಂಗಸರು ಬಾಯಲ್ಲಿ ಆಡುವುದೂ ಇಲ್ಲ: ದಿನ ತುಂಬಿದ ಮೇಲೆ ಹೊಟ್ಟೆಯಲ್ಲೇ ಕೂಸು ತೀರಿಹೋಗುವುದು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2013ರಲ್ಲಿ ಹೊರತಂದ ಪ್ರಬಂಧವೊಂದರ ಪ್ರಕಾರ, 39-40ನೆಯ ವಾರದಲ್ಲಿ ಈ ಅಪಾಯ ಮೂವತ್ತೈದರ ಒಳಗಿನವರಲ್ಲಿ ಸಾವಿರಕ್ಕೆ ಸುಮಾರು ಒಂದು, ನಲವತ್ತು ದಾಟಿದವರಲ್ಲಿ ಸುಮಾರು ಎರಡು. ಅಂದರೆ ಇಪ್ಪತ್ತೈದರವಳು 41ನೆಯ ವಾರದಲ್ಲಿ ಎದುರಿಸುವ ಅಪಾಯವನ್ನು ನಲವತ್ತರವಳು 39ರಲ್ಲೇ ಎದುರಿಸುತ್ತಾಳೆ. ಸಾವಿರದಲ್ಲಿ 998 ಕೂಸುಗಳು ಕ್ಷೇಮವೆಂದು ಇದನ್ನು ಓದಬಹುದು. ಅಪಾಯ ಇಮ್ಮಡಿಯಾಯಿತೆಂದೂ ಓದಬಹುದು. ಎರಡೂ ನಿಜವೇ. ಆ ರಾತ್ರಿ ತಂಗಿ ಎರಡನೆಯ ಬಗೆಯಲ್ಲಿ ಓದಿ ನಿದ್ದೆಗೆಟ್ಟಳು.

ಆದರೆ ಈ ಅಂಕಿಗಳು ಹೇಳುವುದು ದಿನ ಮೀರಿಸಬೇಡಿ ಎಂದಷ್ಟೇ, ಕೊಯ್ಯಿರಿ ಎಂದಲ್ಲ. ಇವೆರಡರ ನಡುವೆ ಇನ್ನೊಂದು ದಾರಿಯಿದೆ: ಔಷಧಿಯಿಂದ ನೋವು ಬರಿಸಿ ಕಾಯುವುದು. ಹಾಗೆ ನೋವು ಬರಿಸಿದರೆ ಕಡೆಗೆ ಸಿಸೇರಿಯನ್ನೇ ಆಗುತ್ತದೆಂಬ ನಂಬಿಕೆ ನಮ್ಮವರಲ್ಲಿ ಗಟ್ಟಿಯಾಗಿದೆ. ಮೂವತ್ತೈದು ದಾಟಿದ 619 ಚೊಚ್ಚಲ ಬಸುರಿಯರ ಮೇಲೆ ಬ್ರಿಟನ್ನಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. 39ನೆಯ ವಾರದಲ್ಲಿ ನೋವು ಬರಿಸಿದವರಲ್ಲಿ ನೂರಕ್ಕೆ 32 ಮಂದಿಗೆ, ಹಾಗೆಯೇ ಕಾದವರಲ್ಲಿ 33 ಮಂದಿಗೆ ಸಿಸೇರಿಯನ್ ಆಯಿತು. ವ್ಯತ್ಯಾಸವೇ ಇಲ್ಲ. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು: ಎರಡು ಗುಂಪಿನಲ್ಲೂ ಮೂವರಲ್ಲಿ ಇಬ್ಬರು ಹೊಟ್ಟೆ ಕೊಯ್ಯಿಸಿಕೊಳ್ಳದೆಯೇ ಹೆತ್ತರು.

ಹಾಗಿದ್ದರೆ ನಮ್ಮಲ್ಲಿ ಇಷ್ಟು ಶಸ್ತ್ರಕ್ರಿಯೆಗಳು ಏಕೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ನೂರಕ್ಕೆ 21.5 ಹೆರಿಗೆಗಳು ಸಿಸೇರಿಯನ್, ಕರ್ನಾಟಕದಲ್ಲಿ 31.5, ನಮ್ಮ ಗೋವೆಯಲ್ಲಿ 39.5. ದೇಶದ ಸರಕಾರಿ ಆಸ್ಪತ್ರೆಗಳಲ್ಲಿ 14.3 ಇರುವ ಪ್ರಮಾಣ ಖಾಸಗಿ ಆಸ್ಪತ್ರೆಗಳಲ್ಲಿ 47.4 ಆಗುತ್ತದೆ. ಹತ್ತರಷ್ಟು ಪ್ರಮಾಣವನ್ನು ದಾಟಿದ ಮೇಲೆ ತಾಯಿ-ಮಕ್ಕಳ ಸಾವು ಅದರಿಂದ ಇನ್ನಷ್ಟು ಕಡಿಮೆಯಾಗುವುದು ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಬರಿಯ ಹಣದಾಸೆಯೆಂದು ವೈದ್ಯರನ್ನು ದೂರುವುದು ಸುಲಭ. ನಾನು ಕಂಡಂತೆ ಕಾರಣಗಳು ಅನೇಕ. ಒಬ್ಬರೇ ವೈದ್ಯರು ಹಗಲಿರುಳು ಹತ್ತು ಬಸುರಿಯರನ್ನು ಕಾಯಲಾರರು. ಏನಾದರೂ ಹೆಚ್ಚುಕಡಿಮೆಯಾದರೆ ನೆಂಟರ ಗುಂಪು ಗಾಜು ಒಡೆಯಲು ಬರುತ್ತದೆ. ಕೊಯ್ದದ್ದಕ್ಕೆ ಯಾರೂ ಗಾಜು ಒಡೆದದ್ದನ್ನು ಕೇಳಿಲ್ಲ. ನೋವಿಗೆ ಹೆದರಿ ಬಸುರಿಯೇ ಕೇಳುವುದುಂಟು. ಪಂಚಾಂಗ ಹಿಡಿದು ಬರುವ ಅಳಿಯಂದಿರ ಸುದ್ದಿಯನ್ನು ಆಗಲೇ ಹೇಳಿದೆ.

ಎಲ್ಲಕ್ಕೂ ಮೂಲದಲ್ಲಿರುವುದು ಹೊತ್ತಿನ ಲೆಕ್ಕ. 1950ರ ದಶಕದಲ್ಲಿ ಅಮೆರಿಕದ ಫ್ರೀಡ್ಮನ್ ಎಂಬ ವೈದ್ಯರು ಹೆರಿಗೆಯ ಗತಿಯನ್ನು ನಕ್ಷೆಯಾಗಿ ಬರೆದರು. ಗರ್ಭದ್ವಾರ ತಾಸಿಗೆ ಒಂದು ಸೆಂಟಿಮೀಟರಿನಷ್ಟು ತೆರೆಯಬೇಕು, ಇಲ್ಲದಿದ್ದರೆ ಏನೋ ತಪ್ಪಿದೆ ಎಂಬ ಅಳತೆ ಅಲ್ಲಿಂದ ಮುಂದೆ ಜಗತ್ತಿನ ಹೆರಿಗೆ ಕೋಣೆಗಳಲ್ಲಿ ನೆಲೆಯೂರಿತು. ತಾಯಿ ಕೂಸು ಕ್ಷೇಮವಾಗಿರುವಾಗ ಈ ಅಳತೆಯೊಂದನ್ನೇ ನೆಚ್ಚಿ ಅವಸರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2018ರಲ್ಲಿ. ಹಿರಿಯ ಚೊಚ್ಚಲಳಿಗೆ ಬೇಕಾದದ್ದೇ ಹೊತ್ತು. ಅವಳಿಗೆ ಸಿಕ್ಕದ್ದೂ ಅದೇ.

ಅದೇ 2018ರಲ್ಲಿ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಿತು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಕೂಲಿ ಕೇಳದೆ ಮಾಡಿಸಿದರೆಂದು ನಾಡೆಲ್ಲ ಕೊಂಡಾಡಿತು. ಆ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರ ಸುದ್ದಿ ಓದಿದಾಗಲೆಲ್ಲ ನಮ್ಮ ಮನೆಗಳಲ್ಲಿ, ಹಿಂದೆ ಎಲ್ಲ ತಾನಾಗಿಯೇ ಆಗುತ್ತಿತ್ತು ಎಂಬ ನಿಟ್ಟುಸಿರು ಕೇಳುತ್ತದೆ. ನಾನು ಅದನ್ನು ಒಪ್ಪಲಾರೆ. ಎಲ್ಲರ ವಂಶಾವಳಿಯಲ್ಲೂ ‘ಹೆರಿಗೆಯಲ್ಲಿ ಹೋದಳು’ ಎಂಬ ಒಬ್ಬ ಅಜ್ಜಿ ಇದ್ದಾಳೆ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001-03ರಲ್ಲಿ 228 ಇದ್ದದ್ದು 2018-20ಕ್ಕೆ 69ಕ್ಕೆ ಇಳಿದಿದೆ. ರಕ್ತನಿಧಿ, ಆಂಬುಲೆನ್ಸ್, ಆಸ್ಪತ್ರೆಯ ಹೆರಿಗೆ, ಸಕಾಲದ ಶಸ್ತ್ರಕ್ರಿಯೆ ಎಲ್ಲವೂ ಸೇರಿ ಆದ ಕೆಲಸ ಅದು. ನರಸಮ್ಮನಂಥವರಿಂದ ಆಸ್ಪತ್ರೆಗಳು ಪಡೆಯಬೇಕಾಗಿದ್ದುದು ಬೇರೆಯೇ ಇತ್ತು. ಅವರು ಬಸುರಿಯ ಪಕ್ಕದಲ್ಲೇ ಕುಳಿತಿರುತ್ತಿದ್ದರು. ಕೊಂಕಣಿಯಲ್ಲಿ ವೊಯ್ಜಿಣ್ ಎಂದು ಕರೆಯುವ ಗೋವೆಯ ಸೂಲಗಿತ್ತಿಯೂ ಹಾಗೆಯೇ. ಪಕ್ಕದಲ್ಲಿ ಒಬ್ಬರು ಸದಾ ಜೊತೆಗಿದ್ದರೆ ತಾನಾಗಿ ಹೆರುವವರ ಸಂಖ್ಯೆ ಏರುತ್ತದೆ, ಸಿಸೇರಿಯನ್ ಇಳಿಯುತ್ತದೆ ಎಂಬುದನ್ನು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಈಗ ಹೇಳುತ್ತಾರೆ. ಸರಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಬಸುರಿಯ ಜೊತೆ ಹೆಣ್ಣು ಸಂಗಾತಿಯೊಬ್ಬಳು ಇರಬಹುದೆಂದು ಕೇಂದ್ರ ಸರಕಾರ 2016ರಲ್ಲೇ ಒಪ್ಪಿಗೆ ಕೊಟ್ಟಿದೆ. ನಮ್ಮಲ್ಲಿ ಎಷ್ಟು ಜನ ಇದನ್ನು ಕೇಳಿ ಪಡೆದಿದ್ದೇವೆ?

ಮಾತು ನಮ್ಮಂಥವರ ಮನೆಗಳಿಗೇ ಸೀಮಿತವಾಗಬಾರದು. ಬೈನಾ, ಝುವಾರಿನಗರದ ನಮ್ಮ ಕೂಲಿಯ ಹೆಣ್ಣುಮಕ್ಕಳೊಡನೆ ದುಭಾಷಿಯಾಗಿ ನಾನು ಆಸ್ಪತ್ರೆಗೆ ಹೋಗುತ್ತಿರುತ್ತೇನೆ. ತಂಗಿಯ ಬಸಿರಿನ ದಿನಗಳಲ್ಲೇ ಹಾಗೆ ಒಬ್ಬಾಕೆಯ ಜೊತೆ ಹೋಗಿದ್ದೆ. ಬಾಗಲಕೋಟೆ ಕಡೆಯವಳು, ಮೂವತ್ತೆಂಟು ವರ್ಷ, ಐದನೆಯ ಬಸಿರು, ಕಟ್ಟಡದ ಕೆಲಸ. ಎಂಟನೆಯ ತಿಂಗಳವರೆಗೆ ಒಂದೂ ತಪಾಸಣೆಯಾಗಿರಲಿಲ್ಲ. ರಕ್ತ ಏಳು ಗ್ರಾಂ. “ಕಾಲ ಬಾತಾವು ಬಾಯಾರ, ಮೊದಲಿನ ನಾಕೂ ಹಿಂಗ ಆಗಿದ್ದವು” ಎಂದಳು. ರಕ್ತದೊತ್ತಡ ನೋಡಿದ ನರ್ಸು ಕೂಡಲೇ ಬಾಂಬೋಳಿಗೆ ಕಳುಹಿಸಿದರು. ಪೋರ್ಚುಗೀಸರ ಕಾಲದಲ್ಲಿ, 1842ರಲ್ಲಿ ವೈದ್ಯಶಾಲೆಯಾಗಿ ಹುಟ್ಟಿದ ಗೋವಾ ಮೆಡಿಕಲ್ ಕಾಲೇಜು ಈಗಿರುವುದು ಅಲ್ಲಿಯೇ. ತಾಯಿ ಕೂಸು ಇಬ್ಬರೂ ಉಳಿದರು. ಒಂದೇ ಊರು, ಒಂದೇ ಭಾಷೆ, ಹತ್ತಿರ ಹತ್ತಿರ ಒಂದೇ ವಯಸ್ಸು. ಒಬ್ಬಳಿಗೆ ಆರನೆಯ ತಿಂಗಳಲ್ಲೇ ಚಾಕುವಿನ ದಿನ ಗೊತ್ತಾಗಿತ್ತು; ಇನ್ನೊಬ್ಬಳ ತೋಳಿಗೆ ಎಂಟನೆಯ ತಿಂಗಳವರೆಗೆ ರಕ್ತದೊತ್ತಡದ ಪಟ್ಟಿಯನ್ನೂ ಯಾರೂ ಕಟ್ಟಿರಲಿಲ್ಲ.

ತಂಗಿ ಇನ್ನೊಬ್ಬ ವೈದ್ಯೆಯನ್ನು ಕಂಡಳು. ಆಕೆ ಅರ್ಧ ತಾಸು ಕುಳಿತು ಮಾತಾಡಿದರು. ರಕ್ತದೊತ್ತಡ ಸರಿಯಿದೆ, ಸಕ್ಕರೆ ಊಟದ ಪಥ್ಯದಲ್ಲೇ ಹತೋಟಿಯಲ್ಲಿದೆ, ಕೂಸಿನ ತಲೆ ಕೆಳಗಿದೆ, ಮಾಸು ದಾರಿಗೆ ಅಡ್ಡವಾಗಿಲ್ಲ. ಈಗಲೇ ಕೊಯ್ಯಲು ಕಾರಣ ಕಾಣೆ ಎಂದರು. ಆದರೆ ನಲವತ್ತನೆಯ ವಾರ ದಾಟಲು ಬಿಡುವುದಿಲ್ಲ, 39 ತುಂಬಿದ ಮೇಲೆ ನೋವು ಬರಿಸೋಣ, ಕೂಸಿನ ಎದೆಬಡಿತ ತಪ್ಪಿದರೆ ಆಗ ಒಂದು ನಿಮಿಷವೂ ಕಾಯುವುದಿಲ್ಲ ಎಂದೂ ಹೇಳಿದರು. ಇನ್ನೆರಡು ಮಕ್ಕಳು ಬೇಕೆಂದರೆ ಮೊದಲ ಸಿಸೇರಿಯನ್ನಿನ ಗಾಯ ಮುಂದಿನ ಬಸಿರುಗಳಲ್ಲಿ ತೊಂದರೆ ಕೊಡಬಹುದು, ಇದೊಂದೇ ಸಾಕೆಂದರೆ ಆ ತೂಕ ಅಷ್ಟಿಲ್ಲ ಎಂಬ ಮಾತನ್ನೂ ಮರೆಮಾಚಲಿಲ್ಲ. ತಂಗಿ ಒಪ್ಪಿದಳು. ಹಳ್ಳಿಗೆ ಕಳುಹಿಸುವ ಮಾತನ್ನು ನಾನೇ ಮುರಿದೆ. 1983ರ ಟ್ರ್ಯಾಕ್ಟರಿನ ಕತೆಯನ್ನು ಅವ್ವನಿಗೆ ನೆನಪಿಸಬೇಕಾಯಿತು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ನಾನ ಅಲ್ಲಿಗೆ ಬರ್ತೀನಿ ತಗೋ” ಎಂದಳು. ಎಂಬತ್ತರ ತವರು ರೈಲು ಹತ್ತಿ ವಾಸ್ಕೋಕ್ಕೆ ಬಂತು.

ಭಾನುವಾರ ಬೆಳಿಗ್ಗೆ ಔಷಧಿ ಇಟ್ಟರು. ಸಂಜೆಗೆ ನೋವು ಹಿಡಿಯಿತು. ಜೊತೆಗಿರಲು ನನ್ನನ್ನು ಬಿಟ್ಟರು. ಇರುಳಿಡೀ ಅವಳು ನಡೆದಳು, ಕುಳಿತಳು, ಮಂಚದ ಕಂಬಿ ಹಿಡಿದು ನಿಂತಳು. ನಾನು ಸೊಂಟ ತಿಕ್ಕಿದೆ, ನೀರು ಕುಡಿಸಿದೆ. ವೈದ್ಯೆ ನಾಲ್ಕು ಸಲ ಬಂದರು, ಅವಸರಿಸಲಿಲ್ಲ. ಬೆಳಗಿನ ಏಳಕ್ಕೆ ಏಳು ಸೆಂಟಿಮೀಟರ್ ತೆರೆದಿತ್ತು. ಆಮೇಲೆ ಪ್ರತಿ ನೋವಿಗೂ ಯಂತ್ರದಲ್ಲಿ ಕೂಸಿನ ಎದೆಬಡಿತ ಇಳಿಯತೊಡಗಿತು, ಮೇಲೇರಲು ತಡಮಾಡಿತು. ವೈದ್ಯೆ ಕಾಗದದ ಸುರುಳಿಯನ್ನು ತಂಗಿಯ ಕಣ್ಣೆದುರು ಹಿಡಿದು, ಇಲ್ಲಿ ನೋಡು, ಇಲ್ಲಿ ನೋಡು ಎಂದು ಬೆರಳಿಟ್ಟು ತೋರಿಸಿದರು. “ಮಾಡ್ರಿ” ಎಂದಳು ತಂಗಿ, ಅಷ್ಟೇ. ಸೋಮವಾರ ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ ಶಸ್ತ್ರಕ್ರಿಯೆಯಿಂದ ಹೆಣ್ಣುಕೂಸು ಹುಟ್ಟಿತು. ಸೋಮವಾರದ ಆ ಹೊತ್ತು ರಾಹುಕಾಲವೆಂದು ಅವಳ ಗಂಡನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೂಸನ್ನೆತ್ತಿಕೊಂಡ ಮೇಲೆ ಅವನು ಆ ಸುದ್ದಿ ತೆಗೆಯಲಿಲ್ಲ.

ನೋಡಲು ಬಂದವರ ಮೊದಲ ಪ್ರಶ್ನೆ, “ನಾರ್ಮಲ್ಲೋ ಸಿಜೇರಿಯನ್ನೋ?” ತಾಯಿ ಹೇಗಿದ್ದಾಳೆ ಎಂಬುದು ಎರಡನೆಯದು. ನಮ್ಮ ಭಾಷೆಯಲ್ಲಿ ‘ನಾರ್ಮಲ್’ ಎಂಬ ಇಂಗ್ಲಿಷ್ ಮಾತು ಹೆಂಗಸಿಗೆ ಕೊಡುವ ಅಂಕದಂತಾಗಿದೆ. ಉತ್ತರ ಕೇಳಿ ಕೆಲವರು, “ಅಯ್ಯ, ಎರಡೂ ನೋವು ಉಂಡಳಲ್ಲ, ಮೊದಲೇ ಕೊಯ್ಸಿದ್ರ ಒಂದರಾಗ ಹೋಗ್ತಿತ್ತು” ಎಂದು ಮರುಗಿದರು. ಅದರಲ್ಲಿ ಸುಳ್ಳೇನೂ ಇಲ್ಲ. ಇಪ್ಪತ್ನಾಲ್ಕು ತಾಸಿನ ಸಂಕಟ, ಅದರ ಮೇಲೆ ಹೊಲಿಗೆ. ತಂಗಿ ಎರಡು ವಾರ ನೆಟ್ಟಗೆ ಎದ್ದು ನಿಲ್ಲಲಾರದೆ ಹೋದಳು. ಮೂವತ್ತೆಂಟನೆಯ ವಾರಕ್ಕೆ ಒಪ್ಪಿದ್ದರೆ ಇಷ್ಟು ದಣಿವಿರುತ್ತಿರಲಿಲ್ಲ ಎಂದು ನಾನೇ ಅಂದಾಗ ಅವಳು ಹೇಳಿದಳು: “ಇರತಿದ್ದಿಲ್ಲ ಅಕ್ಕಾ. ಆದ್ರ ಆಗ ನನ್ನ ವಯಸ್ಸಿನ ಸಲುವಾಗಿ ಕೊಯ್ತಿದ್ರು. ಈಗ ಅಕಿ ಸಲುವಾಗಿ ಕೊಯ್ದಾರ.” ಎಲ್ಲರಿಗೂ ಈ ವ್ಯತ್ಯಾಸ ಬೇಕಾಗದೇ ಇರಬಹುದು. ನೋವೇ ಬೇಡ, ದಿನ ಗೊತ್ತುಮಾಡಿ ಎನ್ನುವ ನಲವತ್ತರ ಹೆಣ್ಣುಮಗಳನ್ನು ಹೇಡಿ ಎನ್ನಲು ನನಗೆ ಬಾಯಿ ಬಾರದು. ಕೇಳಿ ತಿಳಿದು ಹಾಗೆ ನಿರ್ಧರಿಸಿದವರನ್ನೂ ಬಲ್ಲೆ.

ಅವ್ವ ಮೂರು ತಿಂಗಳಿದ್ದಳು. ಕೈಲಾಗದೆ ಹೊರಸಿನ ಮೇಲೆ ಕುಳಿತೇ ಅಪ್ಪಣೆ ಕೊಡುತ್ತಿದ್ದಳು: ಅಳವಿ ಪಾಯಸ, ಸಬ್ಬಸಗಿ ಪಲ್ಯ, ಲೋಬಾನದ ಹೊಗೆ. ಹೊಲಿಗೆಯ ಮೇಲೆ ಬಿಸಿನೀರು ಹೊಯ್ಯಬಾರದೆಂಬ ವೈದ್ಯೆಯ ಮಾತಿಗೆ ಗೊಣಗುತ್ತಲೇ ಒಪ್ಪಿದಳು. ನೆರೆಯ ಕೊಂಕಣಿ ಹೆಂಗಸು ಬಂದು ಆಪರೇಷನ್ ಆಯಿತಂತೆ ಎಂದು ಸನ್ನೆಯಲ್ಲಿ ಹೊಟ್ಟೆ ತೋರಿಸಿ ಕೇಳಿದಾಗ, ಅವ್ವ ತನ್ನ ಕನ್ನಡದಲ್ಲೇ, “ಹಡದಾಳ, ನನ್ನ ಮಗಳು ಹಡದಾಳ” ಎಂದು ಎರಡು ಸಲ ಹೇಳಿದಳು. ಜಾತಕ ಬರೆಸಲು ಹುಟ್ಟಿದ ವೇಳೆ ಬೇಕೆಂದಾಗ ತಂಗಿ ಆಸ್ಪತ್ರೆಯ ಬಿಡುಗಡೆಯ ಕಾಗದ ತೆಗೆದುಕೊಟ್ಟಳು. ವೇಳೆಯ ಕೆಳಗಿನ ಸಾಲಿನಲ್ಲಿ ಶಸ್ತ್ರಕ್ರಿಯೆಯ ಕಾರಣ ಬರೆದಿತ್ತು, ಕೂಸಿನ ಎದೆಬಡಿತದ ಇಳಿತ ಎಂದು. ವಯಸ್ಸಿನ ಕಲಮಿನಲ್ಲಿ 39 ಎಂಬ ಅಂಕಿ ಬೇರೆಯಾಗಿ, ಮೇಲಿನ ಮೂಲೆಯಲ್ಲಿತ್ತು. ಆ ಕಾಗದ ಈಗ ಜಾತಕದ ಜೊತೆಗೇ ಮಡಿಚಿ ಟ್ರಂಕಿನಲ್ಲಿದೆ.